ಎರಡು ಎಂಜಿನ್ ಬೋಟ್, ಏರದ ಆರ್‌ಪಿಎಂ: ಯಾವ ಪ್ರೊಪೆಲ್ಲರ್ ಹಾಕೋಣ?

ಮಳೆಗಾಲ ಮುಗಿದು ಬೋಟ್‌ಗಳು ನೀರಿಗಿಳಿಯುವ ಹೊತ್ತಿಗೆ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಏರುತ್ತಿಲ್ಲ ಅಂತ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. "ಫುಲ್ ಥ್ರಾಟಲ್ ಕೊಟ್ಟರೂ 4800 ದಾಟ್ತಿಲ್ಲ. 17ರ ಪ್ರೊಪೆಲ್ಲರ್ ತೆಗೆದು 15 ಹಾಕಲಾ? ಸ್ಟೀಲ್ ಹಾಕಲಾ? ನಾಲ್ಕು ಬ್ಲೇಡಿಂದು ಒಳ್ಳೇದಂತೆ, ಹೌದಾ?" ನಾನು ತಿರುಗಿ ಕೇಳುವುದು ಇಷ್ಟೇ: "ಎಡದ ಎಂಜಿನ್ ಎಷ್ಟು ತೋರಿಸ್ತು, ಬಲದ್ದು ಎಷ್ಟು, ಆಗ ಬೋಟ್‌ನಲ್ಲಿ ಎಷ್ಟು ಜನ ಇದ್ದರು?" ಅಲ್ಲಿಗೆ ಆ ಕಡೆ ಮೌನ.

ಈ ಬರಹ ಎರಡು ಪೆಟ್ರೋಲ್ ಔಟ್‌ಬೋರ್ಡ್ (ಬೋಟ್‌ನ ಹಿಂಬದಿಗೆ ಹೊರಗಡೆ ಕೂರಿಸುವ ಎಂಜಿನ್) ಇರುವ 25ರಿಂದ 30 ಅಡಿಯ ಬೋಟ್‌ಗಳ ಬಗ್ಗೆ. ನಮ್ಮ ಕರಾವಳಿಯಲ್ಲಿ ಪ್ರವಾಸಿಗರನ್ನು ದ್ವೀಪಕ್ಕೆ ಒಯ್ಯುವ, ಡೈವಿಂಗ್‌ಗೆ ಹೋಗುವ, ಗಾಳ ಹಾಕಲು ಹೊರಡುವ ಬೋಟ್‌ಗಳಲ್ಲಿ ಈ ಜಾತಿಯವೂ ಇವೆ.

ಪ್ರೊಪೆಲ್ಲರ್ ಅಂದರೆ ಬೋಟ್‌ನ ಗೇರು. ಕಾರಿಗೆ ಐದು ಗೇರ್ ಇರುತ್ತವೆ, ಬೋಟ್‌ಗೆ ಒಂದೇ. ಪಿಚ್ 17 ಇಂಚು ಅಂದರೆ, ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದಾಗ ಲೆಕ್ಕದ ಪ್ರಕಾರ ಬೋಟ್ 17 ಇಂಚು ಮುಂದೆ ಹೋಗಬೇಕು. ನೀರು ಮರದ ಹಾಗೆ ಗಟ್ಟಿ ಅಲ್ಲವಲ್ಲ, ಜಾರುತ್ತದೆ, ಅಷ್ಟು ಹೋಗುವುದಿಲ್ಲ. ಆ ಜಾರುವಿಕೆಗೇ ಸ್ಲಿಪ್ ಅನ್ನುವುದು. ಪಿಚ್ ಜಾಸ್ತಿಯಾದರೆ ಎಂಜಿನ್‌ಗೆ ಆಗುಂಬೆ ಘಾಟಿಯನ್ನು ಟಾಪ್ ಗೇರಲ್ಲಿ ಹತ್ತಿದ ಸ್ಥಿತಿ. ಗುರುಗುಟ್ಟುತ್ತದೆ, ಬಿಸಿಯಾಗುತ್ತದೆ, ಆರ್‌ಪಿಎಂ ಏರುವುದಿಲ್ಲ. "ನಾನು ಯಾವತ್ತೂ ಫುಲ್ ಥ್ರಾಟಲ್ ಹೋಗಲ್ಲ, ನನಗೇನು ತೊಂದರೆ" ಅಂತ ಕೆಲವರು ಹೇಳುತ್ತಾರೆ. ತೊಂದರೆ ಇದೆ. ಭಾರ ಹೊತ್ತ ಎಂಜಿನ್ 3500ರಲ್ಲೂ ಭಾರವನ್ನೇ ಹೊತ್ತಿರುತ್ತದೆ, ಪೆಟ್ರೋಲನ್ನೂ ಜಾಸ್ತಿ ಕುಡಿಯುತ್ತದೆ.

ಯಾವುದರ ಮೇಲೆ ತೂಗಬೇಕು

ಮೊದಲನೆಯದು ಎಂಜಿನ್ ಮ್ಯಾನುವಲ್‌ನಲ್ಲಿರುವ ಫುಲ್ ಥ್ರಾಟಲ್ ಆರ್‌ಪಿಎಂ ಮಿತಿ. ತುಂಬಾ ಔಟ್‌ಬೋರ್ಡ್‌ಗಳಿಗೆ ಇದು 5000ದಿಂದ 6000. ಕೆಲವಕ್ಕೆ ಬೇರೆ ಇರುತ್ತದೆ, ನಿಮ್ಮ ಪುಸ್ತಕವನ್ನೇ ನೋಡಿ. 5000 ಮುಟ್ಟಿದರೆ ಸಾಕು ಅಂದುಕೊಳ್ಳಬೇಡಿ. ಮಿತಿಯ ಮೇಲರ್ಧದಲ್ಲಿ ಇರಬೇಕು. ಹಾಗೆಯೇ ಬೋಟ್ ಖಾಲಿ ಇದ್ದಾಗ 6000 ಮೀರಿ ರೆವ್ ಲಿಮಿಟರ್‌ಗೆ (ಆರ್‌ಪಿಎಂ ಅತಿಯಾಗದಂತೆ ತಡೆಯುವ ವ್ಯವಸ್ಥೆ) ಬಡಿಯಬಾರದು. ಈ ಎರಡರ ನಡುವಿನ ಜಾಗ ಸಣ್ಣದು.

ಎರಡನೆಯದು ಲೋಡ್. ಭಾನುವಾರ ಬೆಳಿಗ್ಗೆ ನೀವೂ ನಿಮ್ಮ ಹುಡುಗನೂ ಹೋಗಿ ನೋಡಿದ ಆರ್‌ಪಿಎಂ ಲೆಕ್ಕಕ್ಕಿಲ್ಲ. ಪರವಾನಗಿಯಲ್ಲಿರುವಷ್ಟು ಜನ, ತುಂಬಿದ ಟ್ಯಾಂಕ್, ಐಸ್ ಬಾಕ್ಸ್ ಎಲ್ಲ ಇದ್ದಾಗ ಎಷ್ಟು ಅನ್ನುವುದೇ ಮುಖ್ಯ. ಜನರನ್ನು ಕೂರಿಸಿ ಪರೀಕ್ಷೆ ಮಾಡುವುದು ಬೇಡ ಅನಿಸಿದರೆ 20 ಲೀಟರ್ ನೀರಿನ ಕ್ಯಾನ್ ಇಡಿ. 14 ಜನರ ತೂಕಕ್ಕೆ ಸುಮಾರು 50 ಕ್ಯಾನ್ ಬೇಕು. ಹೊತ್ತು ಹಾಕುವಾಗ ಬೈದುಕೊಳ್ಳುತ್ತೀರಿ, ಆದರೆ ಲೆಕ್ಕ ಸರಿ ಸಿಗುತ್ತದೆ.

ಮೂರನೆಯದು ನೀವು ಓಡಾಡುವ ನೀರು. ಅಳಿವೆಯ ಮರಳು ದಿಬ್ಬ ದಾಟುವವರಿಗೂ ಬಂಡೆಗಳ ನಡುವೆ ಹೋಗುವವರಿಗೂ ಆಳ ಸಮುದ್ರದಲ್ಲೇ ಇರುವವರಿಗೂ ಒಂದೇ ಲೋಹ ಹೊಂದುವುದಿಲ್ಲ. ನಾಲ್ಕನೆಯದು ದುಡ್ಡು. ಎರಡು ಎಂಜಿನ್ ಅಂದರೆ ಎರಡು ಪ್ರೊಪೆಲ್ಲರ್. ಸ್ಪೇರ್ ಸೇರಿದರೆ ನಾಲ್ಕು. ಎಂಜಿನ್‌ಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗುವಂಥವಾದರೆ ಬಲದ್ದಕ್ಕೆ ಬಲಸುತ್ತಿನದು (ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುವುದು), ಎಡದ್ದಕ್ಕೆ ಎಡಸುತ್ತಿನದು ಬೇಕು. ಎಡಸುತ್ತಿನದು ಎಲ್ಲ ಸೈಜಿನಲ್ಲೂ ಅಂಗಡಿಯಲ್ಲಿ ಇರುವುದಿಲ್ಲ. ನಾನು ಒಮ್ಮೆ ಆರು ವಾರ ಕಾದಿದ್ದೇನೆ.

ಖರೀದಿಗೆ ಮೊದಲು: ತಪ್ಪು ಯಾರದ್ದು?

ಎರಡು ಎಂಜಿನ್ ಬೋಟ್‌ನಲ್ಲಿ ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಎರಡೂ ಟ್ಯಾಕೋಮೀಟರ್ (ಆರ್‌ಪಿಎಂ ತೋರಿಸುವ ಮೀಟರ್) ಕಡಿಮೆ ತೋರಿಸಿದ ಕೂಡಲೇ "ಪ್ರೊಪೆಲ್ಲರ್ ದೊಡ್ಡದಾಯ್ತು" ಅನ್ನುತ್ತಾರೆ. ಆದರೆ ಒಂದೇ ಎಂಜಿನ್ ಸೋತಿದ್ದರೂ ಎರಡರ ಆರ್‌ಪಿಎಂ ಇಳಿಯುತ್ತದೆ. ಸೋತ ಎಂಜಿನ್ ತನ್ನ ಪಾಲಿನ ತಳ್ಳುವ ಕೆಲಸ ಮಾಡುವುದಿಲ್ಲ, ಬೋಟ್ ನಿಧಾನವಾಗುತ್ತದೆ. ಬೋಟ್ ನಿಧಾನವಾದರೆ ಚೆನ್ನಾಗಿರುವ ಎಂಜಿನ್‌ನ ಪ್ರೊಪೆಲ್ಲರ್‌ಗೂ ನೀರು ಭಾರವಾಗುತ್ತದೆ, ಅದರ ಆರ್‌ಪಿಎಂ ಕೂಡ ಇಳಿಯುತ್ತದೆ. ಜೋಡಿ ಎತ್ತಿನ ಗಾಡಿಯ ಹಾಗೆ, ಒಂದು ಕುಂಟಿದರೆ ಇನ್ನೊಂದರ ಹೆಗಲೂ ನೋಯುತ್ತದೆ.

ನನ್ನದೇ ಕಥೆ ಹೇಳುತ್ತೇನೆ. 28 ಅಡಿ ಫೈಬರ್ ಬೋಟ್, ಎರಡು 115 ಅಶ್ವಶಕ್ತಿಯ ಎಂಜಿನ್, ಗೇರ್ ಅನುಪಾತ 2.07 (ಎಂಜಿನ್ 2.07 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು), ಪಿಚ್ 17ರ ಅಲ್ಯೂಮಿನಿಯಂ ಪ್ರೊಪೆಲ್ಲರ್. ಮಲ್ಪೆ ಅಳಿವೆಯಿಂದ ಹೊರಗೆ ಬೆಳಿಗ್ಗೆ ಏಳರ ಹೊತ್ತಿಗೆ, ಗಾಳಿ ಏಳುವ ಮೊದಲು, 14 ಜನರ ತೂಕ ಹೇರಿ ಓಡಿಸಿದೆ. ಎಡದ್ದು 4900, ಬಲದ್ದು 4550, ಜಿಪಿಎಸ್‌ನಲ್ಲಿ 23.5 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ). ಎರಡೂ ಕಡಿಮೆಯೇ. ನಾನೂ ಪ್ರೊಪೆಲ್ಲರ್‌ಗೆ ಆರ್ಡರ್ ಕೊಡುವವನಿದ್ದೆ. ಆದರೆ ಆ 350ರ ವ್ಯತ್ಯಾಸ ಕಣ್ಣಿಗೆ ಚುಚ್ಚುತ್ತಿತ್ತು.

ದಡಕ್ಕೆ ಬಂದು ಎಂಜಿನ್ ಆಫ್ ಮಾಡಿ, ಬಲದ ಎಂಜಿನ್‌ನ ಮೇಲ್ಮುಚ್ಚಳ ತೆಗೆದೆ. ಹುಡುಗನಿಗೆ ಲಿವರ್ ಪೂರ್ತಿ ಮುಂದೆ ತಳ್ಳಲು ಹೇಳಿದೆ. ಥ್ರಾಟಲ್ ಆರ್ಮ್ ತಿರುಗಿತು, ತಿರುಗಿತು, ಸ್ಟಾಪರ್ ಮುಟ್ಟುವ ಮೊದಲೇ ನಿಂತಿತು. ನಡುವೆ ಕಿರುಬೆರಳಿನ ಉಗುರಿನಷ್ಟು ಸಂದು. ಕೇಬಲ್ ಸಡಿಲವಾಗಿತ್ತು, ಅಷ್ಟೇ. ಕೇಬಲ್ ತುದಿಯಲ್ಲಿ ಅದರ ಉದ್ದ ಸರಿಮಾಡುವ ಬ್ಯಾರಲ್ ನಟ್ ನಾಲ್ಕು ಸುತ್ತು ತಿರುಗಿಸಿದೆ. ಮತ್ತೆ ಓಡಿಸಿದಾಗ ಬಲದ್ದು 4980, ಎಡದ್ದು 5000. ಎಡದ ಎಂಜಿನ್ ಮುಟ್ಟಿಯೇ ಇರಲಿಲ್ಲ ನೋಡಿ, ಅದೂ 100 ಏರಿತ್ತು. ಖರ್ಚು ಸೊನ್ನೆ.

ಹಾಗಾಗಿ ಎರಡರ ನಡುವೆ 150ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪ್ರೊಪೆಲ್ಲರ್ ಅಂಗಡಿಗೆ ಹೋಗಬೇಡಿ. ಆ ಒಂದು ಎಂಜಿನ್ ನೋಡಿ. ಮೊದಲು ಟ್ಯಾಕೋಮೀಟರ್ ನಂಬಬಹುದಾ ಅಂತ ಖಚಿತ ಮಾಡಿಕೊಳ್ಳಿ. ಹಳೇ ಮುಳ್ಳಿನ ಮೀಟರ್‌ಗಳ ಹಿಂದೆ ಎಂಜಿನ್‌ನ ಆಲ್ಟರ್ನೇಟರ್‌ಗೆ ತಕ್ಕಂತೆ ಪೋಲ್ (ಕಾಂತಧ್ರುವ) ಸಂಖ್ಯೆ ಆರಿಸುವ ಪುಟ್ಟ ತಿರುಗುಣಿ ಇರುತ್ತದೆ, ಅದು ತಪ್ಪು ಕಡೆ ಇದ್ದರೆ ಓದುವಿಕೆಯೇ ಸುಳ್ಳು. ಎರಡು ಎಂಜಿನ್ ಇರುವವರಿಗೆ ಒಂದು ಅನುಕೂಲ: ಎರಡು ಮೀಟರ್ ಅದಲು ಬದಲು ಮಾಡಿ ನೋಡಬಹುದು. ಕಡಿಮೆ ಓದುವಿಕೆ ಮೀಟರ್ ಜೊತೆಗೇ ಬಂದರೆ ತಪ್ಪು ಮೀಟರ್‌ದು.

ಆಮೇಲೆ ಪೆಟ್ರೋಲ್. ಫುಲ್ ಥ್ರಾಟಲ್‌ನಲ್ಲಿ ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪ್‌ನಲ್ಲಿರುವ, ಕೈಯಲ್ಲಿ ಹಿಸುಕುವ ರಬ್ಬರ್ ಉಂಡೆ) ಒಳಗೆ ಚಪ್ಪಟೆಯಾಗುತ್ತಿದ್ದರೆ ಟ್ಯಾಂಕ್ ಕಡೆಯಿಂದ ಪೆಟ್ರೋಲ್ ಬರುತ್ತಿಲ್ಲ ಅಂತ ಅರ್ಥ. ಗಾಳಿಕಿಂಡಿ ಕಟ್ಟಿರಬಹುದು, ಪೈಪ್ ಮಡಚಿರಬಹುದು. ನೀರು ಬೇರ್ಪಡಿಸುವ ಫಿಲ್ಟರ್ ಬಿಚ್ಚಿ ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ, ತಳದಲ್ಲಿ ನೀರು ನಿಂತಿದೆಯಾ ನೋಡಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹೆಚ್ಚಿನ ಔಟ್‌ಬೋರ್ಡ್ ಮ್ಯಾನುವಲ್‌ಗಳು ಶೇ. 10ರ ತನಕ ಮಾತ್ರ ಒಪ್ಪುತ್ತವೆ. ಎಥನಾಲ್ ನೀರು ಹೀರುತ್ತದೆ, ಕಡಲ ಗಾಳಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಟ್ಯಾಂಕ್‌ನಲ್ಲಂತೂ ಕೇಳುವುದೇ ಬೇಡ. ಸ್ಪಾರ್ಕ್ ಪ್ಲಗ್, ಕಂಪ್ರೆಷನ್, ಅಲಾರಂ ಮೋಡ್ (ದೋಷ ಕಂಡಾಗ ಎಂಜಿನ್ ತಾನೇ ಆರ್‌ಪಿಎಂ ತಗ್ಗಿಸುವುದು) ಇವೆಲ್ಲ ಮೆಕ್ಯಾನಿಕ್ ಕೆಲಸ, ಬಿಡಿ.

ಇನ್ನೊಂದು ಮಾತು. ಒಂದೇ ಎಂಜಿನ್ ಓಡಿಸಿ "ಇದು 3800 ಮಾತ್ರ ಹೋಗ್ತಿದೆ" ಅಂತ ತೀರ್ಮಾನಕ್ಕೆ ಬರಬೇಡಿ. ಒಂದೇ ಎಂಜಿನ್‌ನಲ್ಲಿ ಬೋಟ್ ನೀರು ಸೀಳುವುದು ಬಿಟ್ಟು ನೀರಿನ ಮೇಲೆ ಎದ್ದು ಜಾರುವುದೇ ಕಷ್ಟ, ಆರ್‌ಪಿಎಂ ಕಡಿಮೆಯೇ ಇರುತ್ತದೆ. ಅದು ರೋಗ ಅಲ್ಲ.

ಎರಡೂ ಸಮಸಮ ಕಡಿಮೆ ಇದ್ದರೆ ಈಗ ಬೋಟ್‌ನ ಹೊಟ್ಟೆ ನೋಡುವ ಸರದಿ. ನಮ್ಮ ಬೆಚ್ಚಗಿನ ನೀರಿನಲ್ಲಿ ಕೆಲವು ವಾರ ಕಟ್ಟಿಟ್ಟರೆ ಸಾಕು, ಬಾರ್ನಕಲ್ ಚಿಪ್ಪು ಹತ್ತುತ್ತದೆ. ಪ್ರೊಪೆಲ್ಲರ್ ಬ್ಲೇಡಿನ ಮೇಲೆ, ಎಂಜಿನ್ ಕಾಲಿನ (ನೀರಲ್ಲಿ ಮುಳುಗುವ ಕೆಳಭಾಗದ) ಮೇಲೆ ಹತ್ತಿದ್ದು ಇನ್ನೂ ಕೆಟ್ಟದು. ನನ್ನ ಬೋಟ್ ಕೆರೆಸಿ ತೊಳೆದ ಮೇಲೆ 5000 ಇದ್ದದ್ದು 5100 ಆಯಿತು, ವೇಗ 27 ನಾಟ್. ಪ್ರೊಪೆಲ್ಲರ್ ಬಿಚ್ಚಿದಾಗ ಎಡದ ಶಾಫ್ಟ್‌ಗೆ ನೈಲಾನ್ ಬಲೆಯ ದಾರ ಸುತ್ತಿಕೊಂಡು ಶಾಖಕ್ಕೆ ಕರಗಿ ಪ್ಲಾಸ್ಟಿಕ್ ಬಳೆ ಆಗಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಆಯಿಲ್ ಸೀಲ್ ಕತ್ತರಿಸುತ್ತಿತ್ತು.

ಈ ಎಲ್ಲ ಆದ ಮೇಲೂ ಲೋಡ್‌ನಲ್ಲಿ 5100. ಈಗ ಹೇಳಬಹುದು, ಪ್ರೊಪೆಲ್ಲರ್ ದೊಡ್ಡದೇ.

ಒಂದು ಸಣ್ಣ ಲೆಕ್ಕ

ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ ಭಾಗಿಸಿ, ಪಿಚ್‌ನಿಂದ ಗುಣಿಸಿ, 1215ರಿಂದ ಭಾಗಿಸಿ. ಜಾರದೇ ಇದ್ದರೆ ಹೋಗಬೇಕಾದ ನಾಟ್ ಸಿಗುತ್ತದೆ. ನನ್ನದು: 5100 ಭಾಗಿಸು 2.07, ಗುಣಿಸು 17, ಭಾಗಿಸು 1215. ಬಂದದ್ದು 34.5 ನಾಟ್. ನಿಜಕ್ಕೂ ಹೋದದ್ದು 27. ಅಂದರೆ ಸ್ಲಿಪ್ ಸುಮಾರು ಶೇ. 22. ಇಂಥ ಬೋಟ್‌ಗಳಿಗೆ ಶೇ. 10ರಿಂದ 20 ಸಹಜ, ಲೋಡ್ ಇದ್ದರೆ ಸ್ವಲ್ಪ ಜಾಸ್ತಿ. ಶೇ. 30 ದಾಟಿದರೆ ಪಿಚ್ ಬಿಟ್ಟು ಬೇರೆ ಏನನ್ನಾದರೂ ಅನುಮಾನಿಸಿ: ಬಾಗಿದ ಬ್ಲೇಡ್, ಚಿಪ್ಪು, ತಪ್ಪು ಎತ್ತರದಲ್ಲಿ ಕೂತ ಎಂಜಿನ್.

ನೆನಪಿಡಬೇಕಾದ ಇನ್ನೊಂದು ಸಂಖ್ಯೆ: ಪಿಚ್ 1 ಇಂಚು ಇಳಿಸಿದರೆ ಆರ್‌ಪಿಎಂ 150ರಿಂದ 200 ಏರುತ್ತದೆ. ನನಗೆ 5500ರ ಹತ್ತಿರ ಬೇಕಿತ್ತು, 400 ಕೊರತೆ. ಹಾಗಾದರೆ 2 ಇಂಚು.

ಆಯ್ಕೆಗಳು

ಏನೂ ಕೊಳ್ಳದೆ ಎಂಜಿನ್ ಎತ್ತರಿಸುವುದು ಮೊದಲ ದಾರಿ. ಬೋಲ್ಟ್ ತೂತುಗಳ ನಡುವೆ ಸಾಮಾನ್ಯವಾಗಿ ಮುಕ್ಕಾಲು ಇಂಚು ಅಂತರ. ಒಂದು ತೂತು ಎತ್ತರಿಸಿದರೆ ನೀರಲ್ಲಿ ಎಳೆಯುವ ಕಾಲು ಕಡಿಮೆಯಾಗಿ ಆರ್‌ಪಿಎಂ ಸ್ವಲ್ಪ ಏರುತ್ತದೆ. ವಿ ಆಕಾರದ ತಳದ ಬೋಟ್‌ನಲ್ಲಿ ಎರಡು ಎಂಜಿನ್‌ಗಳೂ ನಡುಗೆರೆಯಿಂದ ಆಚೀಚೆ ಕೂರುತ್ತವೆ, ಅಲ್ಲಿ ತಳ ಮೇಲಕ್ಕೆ ಇರುತ್ತದೆ. ಹಾಗಾಗಿ ಒಂದೇ ಎಂಜಿನ್ ಕೂರಿಸಿದಂತೆ ಎರಡನ್ನು ಕೂರಿಸಿದರೆ ಎರಡೂ ಬೇಡದಷ್ಟು ಆಳಕ್ಕೆ ಇಳಿಯುತ್ತವೆ. ಇಂಥ ಎಷ್ಟೋ ಬೋಟ್ ನೋಡಿದ್ದೇನೆ. ಆದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ನುಂಗಿ ಎಂಜಿನ್ ಕಿರುಚಿದರೆ, ಎಂಜಿನ್ ತಂಪು ಮಾಡುವ ನೀರಿನ ಒತ್ತಡ ಇಳಿದರೆ ಎತ್ತರಿಸಿದ್ದು ಅತಿಯಾಯಿತು. 100 ಆರ್‌ಪಿಎಂ ಕೊರತೆಗೆ ಇದು ಸಾಕು, 400ಕ್ಕೆ ಸಾಲದು.

ಇರುವ ಪ್ರೊಪೆಲ್ಲರನ್ನೇ ಬಡಿದು ಪಿಚ್ ಇಳಿಸುವುದು ಅಗ್ಗದ ದಾರಿ. 1 ಇಂಚಿನ ತನಕ ಮಾಡಬಹುದು. ಸ್ಟೀಲ್‌ಗೆ ಹೊಂದುತ್ತದೆ, ಅಲ್ಯೂಮಿನಿಯಂ ಬಾಗಿಸಿದಷ್ಟೂ ನಿತ್ರಾಣವಾಗುತ್ತದೆ. ನಾನು ಕೈ ಸುಟ್ಟುಕೊಂಡಿದ್ದೂ ಇಲ್ಲೇ. ಹಿಂದೆ ಒಂದು ಅಂಗಡಿಯಲ್ಲಿ ಎರಡನ್ನೂ 16ಕ್ಕೆ ಇಳಿಸಲು ಕೊಟ್ಟೆ. ಬಂದಾಗ ಒಂದು 16, ಇನ್ನೊಂದು ಹದಿನಾರೂವರೆ. ಕಣ್ಣಿಗೆ ಕಾಣುವುದಿಲ್ಲ. ಓಡಿಸಿದರೆ ಮಾತ್ರ ಎರಡೂ ಎಂಜಿನ್ ಯಾವತ್ತೂ ಒಂದೇ ಸ್ವರದಲ್ಲಿ ಹಾಡಲಿಲ್ಲ, ವೂಂ ವೂಂ ಅಂತ ಏರಿಳಿಯುವ ಸದ್ದು ಇಡೀ ಸೀಸನ್ ತಲೆ ತಿಂದಿತು. ಒಂದೇ ಎಂಜಿನ್ ಬೋಟ್‌ನವರಿಗೆ ಗೊತ್ತೇ ಆಗದ ತಪ್ಪು ಇದು. ಮಾಡಿಸುವುದಾದರೆ ಪಿಚ್ ಅಳೆಯುವ ಸಾಧನ ಇರುವಲ್ಲಿ ಮಾಡಿಸಿ, ಎರಡನ್ನೂ ನಿಮ್ಮ ಮುಂದೆ ಅಳೆಸಿ.

ಕಡಿಮೆ ಪಿಚ್‌ನ ಮೂರು ಬ್ಲೇಡ್ ಅಲ್ಯೂಮಿನಿಯಂ. ನನ್ನ ಲೆಕ್ಕದಲ್ಲಿ ಹೆಚ್ಚಿನವರಿಗೆ ಉತ್ತರ ಇದೇ. ಒಂದೇ ಸರಣಿಯ ಪ್ರೊಪೆಲ್ಲರ್‌ಗಳಲ್ಲಿ ಪಿಚ್ ಇಳಿದಂತೆ ಸಾಮಾನ್ಯವಾಗಿ ವ್ಯಾಸ ತುಸು ಹೆಚ್ಚುತ್ತದೆ, ಹಾಗಾಗಿ ನೀರನ್ನು ಹಿಡಿಯುವ ಶಕ್ತಿಯೂ ಸಿಗುತ್ತದೆ. ಬಂಡೆಗೋ ಮರಳಿಗೋ ಬಡಿದರೆ ಬ್ಲೇಡ್ ಮುರಿಯುತ್ತದೆ, ಪೆಟ್ಟು ಗೇರ್‌ಬಾಕ್ಸ್ ತನಕ ಹೋಗುವುದು ಕಡಿಮೆ. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳ ಹತ್ತಿರ ಹೋಗಿ ಬರುವವರಿಗೆ ನಾನು ಬೇರೆ ಮಾತೇ ಆಡುವುದಿಲ್ಲ. ಕೊರತೆ ಏನೆಂದರೆ ಫುಲ್ ಲೋಡ್‌ನಲ್ಲಿ ಬ್ಲೇಡ್ ಸ್ವಲ್ಪ ಬಾಗುತ್ತದೆ, ಮರಳು ನೀರು ಅಂಚನ್ನು ತಿನ್ನುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಬೆಲೆ ಸುಮಾರು ಎರಡೂವರೆ ಮೂರು ಪಟ್ಟು. ಬ್ಲೇಡ್ ತೆಳ್ಳಗೆ, ಬಾಗುವುದಿಲ್ಲ, ವೇಗ ಒಂದೆರಡು ನಾಟ್ ಸಿಗಬಹುದು. ಆದರೆ ಆರ್‌ಪಿಎಂ ಕಡಿಮೆ ಇದೆ ಅಂತ ಅದೇ ಪಿಚ್‌ನ ಸ್ಟೀಲ್ ತರಬೇಡಿ. ಸ್ಟೀಲ್ ಬ್ಲೇಡಿನ ಹಿಂಬದಿಯ ಅಂಚಿನಲ್ಲಿ ಹೆಚ್ಚಾಗಿ ಕಪ್ ಅನ್ನುವ ಸಣ್ಣ ಬಾಗು ಇರುತ್ತದೆ. ಅದು ನೀರನ್ನು ಗಟ್ಟಿ ಹಿಡಿಯುತ್ತದೆ, ಆರ್‌ಪಿಎಂ ಇನ್ನೂ ಇಳಿಯುತ್ತದೆ. ರೋಗಕ್ಕೆ ತಕ್ಕ ಮದ್ದು ಅಲ್ಲ ಇದು. ಮುರುಡೇಶ್ವರದಿಂದ ನೇತ್ರಾಣಿಯಂಥ ಕಡೆ ಆಳ ನೀರಿನಲ್ಲೇ ದಿನಾ ಹೋಗಿ ಬರುವವರು ಪಿಚ್ ಮೊದಲು ಅಲ್ಯೂಮಿನಿಯಂನಲ್ಲಿ ಖಚಿತ ಮಾಡಿಕೊಂಡು, ಆಮೇಲೆ ಸ್ಟೀಲ್ ಕೊಳ್ಳಲಿ. ಹಳೇ ಅಲ್ಯೂಮಿನಿಯಂ ಜೋಡಿ ಸ್ಪೇರ್ ಆಗುತ್ತದೆ.

ನಾಲ್ಕು ಬ್ಲೇಡ್. ಅಲೆ ಹಿಂದಿನಿಂದ ತಳ್ಳುವಾಗ ಬೋಟ್ ಹಿಡಿತದಲ್ಲಿರುತ್ತದೆ, ನಡುಕ ಕಡಿಮೆ, ನಿಧಾನ ವೇಗದಲ್ಲೂ ನೀರಿನ ಮೇಲೆ ಎದ್ದೇ ಇರುತ್ತದೆ. ವಾಂತಿ ಮಾಡುವ ಪ್ರವಾಸಿಗರನ್ನು ಹೊತ್ತೊಯ್ಯುವವರಿಗೆ ಈ ಗುಣದ ಬೆಲೆ ಗೊತ್ತು. ಅದೇ ಪಿಚ್‌ನ ಮೂರು ಬ್ಲೇಡಿಗಿಂತ ಆರ್‌ಪಿಎಂ 50ರಿಂದ 150 ಕಡಿಮೆ ಬರುತ್ತದೆ. ಆದ್ದರಿಂದ ಮೂರು ಬ್ಲೇಡಿನಲ್ಲಿ 15 ಸರಿಹೊಂದಿದರೆ ನಾಲ್ಕರಲ್ಲಿ 14 ನೋಡಿ. ಮೇಲಿನ ವೇಗ ತುಸು ಹೋಗುತ್ತದೆ, ಬೆಲೆ ಜಾಸ್ತಿ, ಎಡಸುತ್ತಿನ ಜೋಡಿ ಸಿಗುವುದು ಇನ್ನೂ ಕಷ್ಟ.

ಡೀಸೆಲ್ ಇನ್‌ಬೋರ್ಡ್ (ಬೋಟ್‌ನ ಒಳಗೆ ಕೂರುವ ಎಂಜಿನ್) ಜೋಡಿ ಇರುವವರಿಗೆ ಎರಡೇ ಮಾತು. ಫುಲ್ ಲೋಡ್‌ನಲ್ಲಿ ಎಂಜಿನ್ ತನ್ನ ರೇಟೆಡ್ ಆರ್‌ಪಿಎಂ ಮುಟ್ಟಲೇಬೇಕು. ಮುಟ್ಟದೆ ಕಪ್ಪು ಹೊಗೆ ಬಂದರೆ, ಗಾಳಿ, ಡೀಸೆಲ್ ಫಿಲ್ಟರ್ ಸರಿ ಇದ್ದರೆ, ಪ್ರೊಪೆಲ್ಲರ್ ಭಾರ ಜಾಸ್ತಿ. ಅಲ್ಲಿ ಬಡಿದು ಸರಿಮಾಡಿಸುವುದೇ ರೂಢಿ.

ನಿಮ್ಮದು ಯಾವುದು?

ಇಬ್ಬರು ಮೂವರು ಗಾಳ ಹಾಕಲು ಹೋಗುವವರು, ದೂರದ ಓಟ, ಲೋಡ್ ಕಡಿಮೆ: ಪಿಚ್ 1 ಇಂಚು ಮಾತ್ರ ಇಳಿಸಿ, ಸ್ಟೀಲ್ ಕೊಳ್ಳುವ ದುಡ್ಡಿದ್ದರೆ ಕೊಳ್ಳಿ. ತುಂಬಿದ ಬೋಟ್‌ನಲ್ಲಿ ದಿನಕ್ಕೆ ಐದಾರು ಟ್ರಿಪ್ ಹೊಡೆಯುವವರು ಖಾಲಿ ಓಟದ ವೇಗ ಮರೆತುಬಿಡಿ, 2 ಇಂಚು ಇಳಿಸಿ. ತೀರದಿಂದ ದೂರ ಡೈವಿಂಗ್‌ಗೆ ಹೋಗುವವರು ಇನ್ನೊಂದು ವಿಷಯ ಯೋಚಿಸಬೇಕು: ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರಲ್ಲಿ ಮನೆ ಸೇರಬೇಕಲ್ವಾ. ಪಿಚ್ ಕಡಿಮೆ ಇದ್ದಷ್ಟೂ ಆ ಒಂಟಿ ಎಂಜಿನ್ ನರಳುವುದು ಕಡಿಮೆ. ಕೆಟ್ಟ ಎಂಜಿನನ್ನು ನೀರಿನಿಂದ ಮೇಲೆತ್ತಿ, ನಿಧಾನಕ್ಕೆ ಬನ್ನಿ.

ಬೋಟ್ ಘಟ್ಟದ ಮೇಲೆ ಒಯ್ಯುವವರೂ ಇರುತ್ತಾರೆ. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ ಸಮುದ್ರದಿಂದ 1819 ಅಡಿ. ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಹೋಗುತ್ತದೆ ಅನ್ನುವುದು ರೂಢಿಯ ಲೆಕ್ಕ. ಮಲ್ಪೆಯಲ್ಲಿ ಅಂಚಿನ ಮೇಲೆ ಸರಿಹೊಂದಿದ ಪ್ರೊಪೆಲ್ಲರ್ ಶರಾವತಿ ಹಿನ್ನೀರಿನಲ್ಲಿ ದೊಡ್ಡದಾಗುತ್ತದೆ. ಅಲ್ಲಿಗೆ 1 ಇಂಚು ಕಡಿಮೆಯದ್ದು ಇಟ್ಟುಕೊಳ್ಳಿ.

ಏನೇ ಕೊಂಡರೂ ಜೋಡಿಯಾಗಿಯೇ ಕೊಳ್ಳಿ, ಒಂದೇ ಕಂಪನಿ, ಒಂದೇ ಮಾದರಿ. ಎಡಕ್ಕೆ ಹೊಸ 15, ಬಲಕ್ಕೆ ಹಳೇ 17 ಹಾಕಿಕೊಂಡು "ಆಮೇಲೆ ನೋಡೋಣ" ಅಂದವರ ಬೋಟ್ ನೋಡಿದ್ದೇನೆ, ನೇರ ಹೋಗಲು ಸ್ಟೀರಿಂಗ್ ಹಿಡಿದೇ ಇರಬೇಕಿತ್ತು.

ನಾನು ಹಾಕಿದ್ದು 15ರ ಅಲ್ಯೂಮಿನಿಯಂ ಜೋಡಿ. ಅದೇ 14 ಜನರ ತೂಕ, ಅದೇ ಏಳು ಗಂಟೆಯ ನೀರು. ಎಡದ್ದು 5450, ಬಲದ್ದು 5440. ವೇಗ ಇಪ್ಪತ್ತಾರೂವರೆ ನಾಟ್, ಅಂದರೆ ಅರ್ಧ ನಾಟ್ ಹೋಯಿತು. ಸ್ಲಿಪ್ ಶೇ. 18ರ ಆಸುಪಾಸು. ಮೊದಲು ನೀರಿನ ಮೇಲೆ ಏಳಲು 11 ಸೆಕೆಂಡ್ ಬೇಕಿತ್ತು, ಈಗ 7. ಖಾಲಿ ಓಡಿಸಿದರೆ 5800, ಲಿಮಿಟರ್ ಇನ್ನೂ ದೂರ. ಶಾಫ್ಟ್‌ಗೆ ಗ್ರೀಸ್ ಹಚ್ಚಿ, ನಟ್ ಬಿಗಿದು, ಹೊಸ ಪಿನ್ ಹಾಕಿದ್ದೆ. ಎರಡು ಟ್ರಿಪ್ ಆದ ಮೇಲೆ ಮತ್ತೊಮ್ಮೆ ನಟ್ ಬಿಗಿದಾಗ ಬಲದ್ದು ಕಾಲು ಸುತ್ತು ತಿರುಗಿತು. ಹಳೇ 17ರ ಜೋಡಿಗೆ ಗಿರಾಕಿ ಹುಡುಕುತ್ತಿದ್ದೇನೆ, ಹಗುರ ಬೋಟ್ ಇರುವವರಿಗೆ ಮಾತ್ರ.